ಬಿಸಿ ಬಾವಿಯಲ್ಲಿ ಮಿಲ್ಲಿಂಗ್: ಮೋಟರ್ ಸೋಲುವುದು ರಬ್ಬರಿನಲ್ಲಿ

ಅಮೆರಿಕದ ಲೂಯಿಸಿಯಾನ ಮತ್ತು ಟೆಕ್ಸಸ್ ಗಡಿಯಲ್ಲಿ ಹೇನ್ಸ್‌ವಿಲ್ ಶೇಲ್ (ಪದರ ಪದರವಾದ ಜೇಡಿಬಂಡೆ) ಅನಿಲ ಬಾವಿಗಳಿವೆ. ಬಂಡೆ 3 ಕಿ.ಮೀ.ಗಿಂತ ಆಳದಲ್ಲಿದೆ. ತಳದ ಬಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್, ಕೆಲವು ಕಡೆ ಇನ್ನೂ ಜಾಸ್ತಿ. ಫ್ರ್ಯಾಕಿಂಗ್ (ಒತ್ತಡದ ದ್ರವದಿಂದ ಬಂಡೆ ಬಿರಿಯಿಸುವುದು) ಮುಗಿದ ಮೇಲೆ ಒಳಗೆ ಸಾಲಾಗಿ ಕೂತಿರುವ ಪ್ಲಗ್‌ಗಳನ್ನು, ಅಂದರೆ ಬಾವಿಯನ್ನು ಭಾಗ ಭಾಗವಾಗಿ ಮುಚ್ಚಿದ ಬಿರಡೆಗಳನ್ನು, ಅರೆದು ಪುಡಿ ಮಾಡಬೇಕು. ಇದೇ ಮಿಲ್ಲಿಂಗ್. ಕಾಯಿಲ್ಡ್ ಟ್ಯೂಬಿಂಗ್ (ಸುರುಳಿಯಿಂದ ಬಿಚ್ಚಿ ಬಾವಿಗೆ ಇಳಿಸುವ ಉದ್ದನೆಯ ಉಕ್ಕಿನ ಕೊಳವೆ) ತಾನು ತಿರುಗುವುದಿಲ್ಲ, ಅದರ ತುದಿಯ ಮೋಟರೇ ಅರೆಯುವ ಉಪಕರಣವಾದ ಮಿಲ್ ಅನ್ನು ತಿರುಗಿಸಬೇಕು.

ಈ ಮೋಟರಿಗೆ ಕರೆಂಟ್ ಬೇಕಿಲ್ಲ, ಮೇಲಿಂದ ಪಂಪ್ ಮಾಡುವ ದ್ರವವೇ ಸಾಕು. ಫ್ರಾನ್ಸಿನ ರೆನೆ ಮ್ವಾನೋ 1930ರ ದಶಕದಲ್ಲಿ ರೂಪಿಸಿದ ಪಂಪನ್ನು ಉಲ್ಟಾ ಓಡಿಸಿದರೆ ಇದೇ ಆಗುತ್ತದೆ. ಒಳಗೆ ತಿರುಗುವ ಭಾಗ, ತಿರುಚಿದ ಉಕ್ಕಿನ ರೋಟರ್; ಸುತ್ತ ನಿಂತೇ ಇರುವ ಭಾಗ, ರಬ್ಬರ್ ಲೈನಿಂಗ್ ಇರುವ ಸ್ಟೇಟರ್. ಸ್ಟೇಟರಿಗೆ ಒಂದು ಲೋಬ್ (ಉಬ್ಬು) ಜಾಸ್ತಿ: ರೋಟರಿಗೆ 5 ಇದ್ದರೆ ಸ್ಟೇಟರಿಗೆ 6. ಹರಿವು ವೇಗ ಕೊಡುತ್ತದೆ, ಒತ್ತಡದ ವ್ಯತ್ಯಾಸ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಇಷ್ಟು ನೆನಪಿದ್ದರೆ ಮುಂದಿನದು ಸುಲಭ.

ಈಗ ಒಂದು ಲೆಕ್ಕ ಮಾಡೋಣ. ಲೋಬಿನಲ್ಲಿ ರಬ್ಬರ್ 10 ಮಿ.ಮೀ. ದಪ್ಪ ಇದೆ, ಬಿಸಿ 120 ಡಿಗ್ರಿ ಏರಿತು ಅಂದುಕೊಳ್ಳಿ. ಅಷ್ಟೇ ದಪ್ಪದ ಉಕ್ಕು ಸುಮಾರು 0.014 ಮಿ.ಮೀ. ಹಿಗ್ಗುತ್ತದೆ. ರಬ್ಬರ್ ಅದರ ಹತ್ತು ಪಟ್ಟಿಗೂ ಜಾಸ್ತಿ, ಹತ್ತಿರ ಹತ್ತಿರ 0.2 ಮಿ.ಮೀ. ಅದಕ್ಕೂ ಹೆಚ್ಚೇ ಆಗುತ್ತದೆ, ಏಕೆಂದರೆ ರಬ್ಬರ್ ಉಕ್ಕಿನ ಕೊಳವೆಗೆ ಅಂಟಿಕೊಂಡಿದೆ. ಬೇರೆ ಕಡೆ ಹಿಗ್ಗಲು ಜಾಗವಿಲ್ಲ, ಒಳಕ್ಕೇ ಉಬ್ಬಬೇಕು. ಬಾವಿಯ ಎಣ್ಣೆ ಹೀರಿಕೊಂಡರೆ ಇನ್ನಷ್ಟು ಊದುತ್ತದೆ.

ಹೀಗೆ ಬಿಗಿಯಾದ ಜಾಗದಲ್ಲಿ ರೋಟರ್ ಪ್ರತಿ ಸುತ್ತಿಗೂ ರಬ್ಬರನ್ನು ಒತ್ತಿ ಬಿಡುತ್ತದೆ. ತಂತಿಯನ್ನು ಪದೇ ಪದೇ ಬಗ್ಗಿಸಿದರೆ ಬಿಸಿಯಾಗುವುದಿಲ್ವಾ, ಹಾಗೇ ರಬ್ಬರ್ ಒಳಗಿನಿಂದ ಬಿಸಿಯಾಗುತ್ತದೆ. ರಬ್ಬರ್ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದಕ್ಕೇ ಲೋಬಿನ ದಪ್ಪ ಭಾಗದ ನಡುವೆ ಮೊದಲು ಸುಡುತ್ತದೆ. ಅಂಥ ಸ್ಟೇಟರನ್ನು ಕೊಯ್ದು ನೋಡಿದರೆ ಲೋಬಿನ ತುದಿಗಳು ತುಂಡು ತುಂಡಾಗಿ ಕಿತ್ತುಬಂದಿರುತ್ತವೆ. ಒಂದು ತುಂಡನ್ನು ಬಗ್ಗಿಸಿ, ಬಾಗುವ ಬದಲು ಬಿರುಕು ಬಿಡುತ್ತದೆ. ಎಲ್ಲ ಕಡೆ ಒಂದೇ ದಪ್ಪದ ತೆಳು ರಬ್ಬರ್ ಇರುವ ಸ್ಟೇಟರ್ ಬಿಸಿ ಬಾವಿಯಲ್ಲಿ ಹೆಚ್ಚು ತಾಳುವುದು ಇದೇ ಕಾರಣಕ್ಕೆ.

ಹಾಗಾದರೆ ರೋಟರ್ ಮತ್ತು ರಬ್ಬರಿನ ನಡುವಿನ ಬಿಗಿತವನ್ನು ಹೇಗೆ ಆರಿಸುವುದು? ಮೇಲೆ ಸಡಿಲ ಇರುವ ಮೋಟರನ್ನೇ ಕಳಿಸಬೇಕು. ನೆಲದ ಮೇಲೆ ಪರೀಕ್ಷಿಸಿದಾಗ ಅದು ಒಳಗೇ ಸೋರುತ್ತದೆ, ದುರ್ಬಲ ಅನ್ನಿಸುತ್ತದೆ. ಕೆಳಗೆ ಹೋಗಿ ಊದಿದ ಮೇಲೆ ಸರಿಯಾಗಿ ಕೂರುತ್ತದೆ. ನಮ್ಮಂಥ ಕಲಿಯುವವರು ಎಡವುವುದು ಇಲ್ಲೇ: ಸುಮ್ನೆ ನಿಂತ ಬಾವಿಯ ಬಿಸಿಯನ್ನೇ ಹಿಡಿದು ಲೆಕ್ಕ ಹಾಕುತ್ತೇವೆ. ಪಂಪ್ ಓಡುತ್ತಿದ್ದರೆ ದ್ರವ ಮೋಟರನ್ನು ತಂಪಾಗಿಸುತ್ತದೆ, ಆಗ ನಮ್ಮ ಮೋಟರ್ ತೀರಾ ಸಡಿಲವಾಗಿ ಟಾರ್ಕ್ ಕೊಡುವುದಿಲ್ಲ. ಪಂಪ್ ನಿಲ್ಲಿಸಿ ಬಹಳ ಹೊತ್ತು ಕೆಳಗೇ ಬಿಟ್ಟರೆ ಅದೇ ಮೋಟರ್ ನೆನೆದ ಅಕ್ಕಿಯಂತೆ ಊದುತ್ತದೆ. ಎರಡೂ ಬಿಸಿಗಳನ್ನು ಬರೆದಿಟ್ಟುಕೊಂಡೇ ಆರಿಸಿ.

ಇನ್ನು ಸ್ಟಾಲ್, ಅಂದರೆ ಭಾರ ತಾಳದೆ ಮೋಟರ್ ನಿಂತುಹೋಗುವುದು. ಮಿಲ್ ಪ್ಲಗ್ಗಿಗೆ ತಾಗುವ ಮೊದಲು ಪಂಪಿನ ಒತ್ತಡದ ಗೇಜ್ 3000 ಪಿಎಸ್‌ಐ (ಒತ್ತಡದ ಅಳತೆ), ಅರೆಯುವಾಗ 3300 ಅಂದುಕೊಳ್ಳಿ. ಆ 300 ಮೋಟರಿನ ಮೇಲಿರುವ ಭಾರ. ಗೇಜ್ ಥಟ್ಟನೆ ಏರಿ ಅಲ್ಲೇ ನಿಂತರೆ ರೋಟರ್ ನಿಂತಿದೆ, ದ್ರವ ರಬ್ಬರನ್ನು ಬದಿಗೆ ತಳ್ಳಿ ನುಗ್ಗುತ್ತಿದೆ ಎಂದರ್ಥ. ತಣ್ಣನೆ ಬಾವಿಯಲ್ಲಿ ರಬ್ಬರ್ ಇದನ್ನು ಕೆಲವು ಸಲ ತಡೆದೀತು. ಬಿಸಿಯಲ್ಲಿ ಮೆತ್ತಗಾದ ರಬ್ಬರ್ ಒಂದೆರಡು ಸ್ಟಾಲಿಗೇ ಹರಿದು ಕಿತ್ತುಬರಬಹುದು. ಮೊದಲು ಪಂಪ್ ಇಳಿಸಿ, ಒತ್ತಡ ಬಿಟ್ಟ ಮೇಲೆ ಟ್ಯೂಬಿಂಗ್ ಮೇಲೆತ್ತಿ, ಮತ್ತೆ ನಿಧಾನಕ್ಕೆ ಇಳಿಯಿರಿ.