ಕಾಂಟ್ರಾಸ್ಟ್ ಸೆನ್ಸಿಟಿವಿಟಿ: ಚಾರ್ಟ್ ಓದುವ ಕಣ್ಣಿಗೆ ಮೆಟ್ಟಿಲು ಯಾಕೆ ಕಾಣುವುದಿಲ್ಲ?

ಒಂದು ವಸ್ತು ಮತ್ತು ಅದರ ಹಿನ್ನೆಲೆ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿದ್ದಾಗಲೂ ಎರಡನ್ನೂ ಬೇರೆ ಬೇರೆಯಾಗಿ ಕಾಣುವ ಕಣ್ಣಿನ ಶಕ್ತಿಗೆ ಕಾಂಟ್ರಾಸ್ಟ್ ಸೆನ್ಸಿಟಿವಿಟಿ ಅಂತ ಹೆಸರು. ಬಿಳಿ ತಟ್ಟೆಯಲ್ಲಿರುವ ಮೊಸರನ್ನ, ಬೂದು ಗ್ರಾನೈಟ್ ಮೆಟ್ಟಿಲಿನ ಕೆಳಗಿರುವ ಇನ್ನೊಂದು ಬೂದು ಗ್ರಾನೈಟ್ ಮೆಟ್ಟಿಲು, ಟೈಲ್ಸ್ ಮೇಲೆ ಚೆಲ್ಲಿದ ನೀರು, ಇವನ್ನೆಲ್ಲ ಕಾಣಲು ಬೇಕಾಗುವುದು ಇದೇ ಶಕ್ತಿ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಪದ ನಿಮಗೆ ಗೊತ್ತಿರಲೇಬೇಕು. ಕಣ್ಣಿನ ಪರೀಕ್ಷೆಯಾಯಿತು ಅಂದ ಕೂಡಲೇ ನಾವೆಲ್ಲ ಕೇಳುವುದು ‘ಪವರ್ ಎಷ್ಟು ಬಂತು?’ ಅಂತ. ಆದರೆ ಅಜ್ಜಿ ಬೀಳುವುದಕ್ಕೂ ಬೀಳದೇ ಇರುವುದಕ್ಕೂ ಆ ಪವರ್ ಒಂದೇ ಕಾರಣ ಅಲ್ಲ.

ಗೋಡೆಗೆ ನೇತುಹಾಕಿರುವ ಆ ಅಕ್ಷರಗಳ ಚಾರ್ಟ್ ಇದೆಯಲ್ಲ, ಮೇಲೆ ದೊಡ್ಡದು, ಕೆಳಗೆ ಹೋಗ್ತಾ ಹೋಗ್ತಾ ಚಿಕ್ಕದು, ಅದನ್ನು 1862ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಊರಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್ ಮಾಡಿದರು. ಒಳ್ಳೆಯ ಪರೀಕ್ಷೆ, ಇವತ್ತಿಗೂ ಬೇಕು. ಆದರೆ ಅದರಲ್ಲಿ ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರ ಇರುತ್ತದೆ. ಎಷ್ಟು ಚಿಕ್ಕದನ್ನು ಓದಬಲ್ಲಿರಿ ಅನ್ನುವುದನ್ನು ಅದು ಹೇಳುತ್ತದೆ, ಎಷ್ಟು ಮಸುಕಾದದ್ದನ್ನು ಕಾಣಬಲ್ಲಿರಿ ಅನ್ನುವುದನ್ನು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಕಾಲಿಗೆ ಸಿಗುವ ಯಾವ ವಸ್ತುವೂ ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದ ಹಾಗೆ ಎದ್ದು ಕಾಣುವುದಿಲ್ಲ, ಅಲ್ವಾ?

ಈ ಕೊರತೆ ತುಂಬಲು 1988ರಲ್ಲಿ ಡೆನಿಸ್ ಪೆಲ್ಲಿ ಮತ್ತು ಜಾನ್ ರಾಬ್ಸನ್ ಅನ್ನುವ ವಿಜ್ಞಾನಿಗಳು ಇನ್ನೊಂದು ಚಾರ್ಟ್ ತಂದರು. ಅದರಲ್ಲಿ ಎಲ್ಲ ಅಕ್ಷರಗಳೂ ಒಂದೇ ಅಳತೆ, ದೊಡ್ಡವೇ. ಮೂರು ಮೂರು ಅಕ್ಷರಕ್ಕೊಮ್ಮೆ ಕಪ್ಪು ಸ್ವಲ್ಪ ತೆಳುವಾಗುತ್ತಾ ಹೋಗಿ, ಕೊನೆಗೆ ಹಾಳೆಯ ಬಿಳಿಯಲ್ಲೇ ಕರಗಿಬಿಡುತ್ತದೆ. ಒಂದು ಮೀಟರ್ ದೂರದಲ್ಲಿ ಕೂತು ಎಲ್ಲಿಯವರೆಗೆ ಓದುತ್ತೀರಿ ಅಂತ ನೋಡುತ್ತಾರೆ. ಅಕ್ಷರಕ್ಕೂ ಹಾಳೆಗೂ ಶೇ. 1ರಷ್ಟೇ ವ್ಯತ್ಯಾಸ ಇದ್ದಾಗಲೂ ಕಂಡರೆ ಅಂಕ 2.0. ಶೇ. 10 ವ್ಯತ್ಯಾಸ ಇದ್ದರೆ ಮಾತ್ರ ಕಾಣುತ್ತದೆ ಅನ್ನುವವರಿಗೆ 1.0. ಸಣ್ಣ ವಯಸ್ಸಿನ ಒಳ್ಳೆಯ ಕಣ್ಣುಗಳು 2.0ರ ಆಸುಪಾಸಿನಲ್ಲಿರುತ್ತವೆ. 1.5ಕ್ಕಿಂತ ಕೆಳಗೆ ಇಳಿದರೆ ದೃಷ್ಟಿಗೆ ಏನೋ ತೊಂದರೆ ಇದೆ ಅಂತ ಲೆಕ್ಕ, 1.0ಕ್ಕಿಂತ ಕೆಳಗಾದರೆ ದಿನದ ಕೆಲಸಗಳೇ ಕಷ್ಟ.

ಹಾಗಾಗಿ ಸ್ನೆಲೆನ್ ಚಾರ್ಟ್‌ನಲ್ಲಿ 6/9 ಓದುವ (ಅಂದರೆ ಒಳ್ಳೆಯ ಕಣ್ಣು 9 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದ ಓದುವ) ತಾತ ಈ ಚಾರ್ಟ್‌ನಲ್ಲಿ ಅರ್ಧದಲ್ಲೇ ನಿಂತುಬಿಡಬಹುದು. ಅವರು ಪೇಪರ್ ಓದುತ್ತಾರೆ, ಟಿವಿ ನೋಡುತ್ತಾರೆ, ಆದರೆ ಸಂಜೆ ಹೊತ್ತು ಮೆಟ್ಟಿಲಿನ ಅಂಚು ಅವರಿಗೆ ಇಲ್ಲವೇ ಇಲ್ಲ. ‘ಕಣ್ಣು ಚೆನ್ನಾಗೇ ಇದೆಯಲ್ಲ, ನೋಡ್ಕೊಂಡು ನಡೀಬಾರ್ದಾ?’ ಅಂತ ಗದರುವ ಮನೆಗಳು ಎಷ್ಟೋ ಇವೆ. ದಯವಿಟ್ಟು ಗದರಬೇಡಿ. ಅವರು ನೋಡಿಕೊಂಡೇ ನಡೆದಿರುತ್ತಾರೆ. ನೋಡಿದ ಕಡೆ ಕಾಣುವಂಥದ್ದು ಏನೂ ಇರಲಿಲ್ಲ, ಅಷ್ಟೇ.

ವಯಸ್ಸಾಗ್ತಾ ಇದು ಯಾಕೆ ಕಡಿಮೆಯಾಗುತ್ತದೆ? ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. 20ರ ಹುಡುಗನ ಕಣ್ಣೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ 60 ದಾಟಿದವರ ಅಕ್ಷಿಪಟಲಕ್ಕೆ, ಅಂದರೆ ಕಣ್ಣಿನ ಹಿಂಭಾಗದ ಪರದೆಗೆ, ತಲುಪುತ್ತದೆ. ನಿಮಗೆ ‘ಲೈಟು ಸಾಕು’ ಅನ್ನಿಸುವ ಕೋಣೆ ಅವರಿಗೆ ಮಬ್ಬುಗತ್ತಲೆ. ಇದರ ಮೇಲೆ ಪೊರೆ ಬಂದರೆ ಬೆಳಕು ಕಣ್ಣೊಳಗೆ ಚದುರಿಹೋಗಿ, ಮಡಿಕೇರಿಯ ಮಂಜಿನಲ್ಲಿ ರಸ್ತೆ ನೋಡಿದ ಹಾಗೆ ಎಲ್ಲವೂ ಒಂದರೊಳಗೊಂದು ಬೆರೆಯುತ್ತದೆ. ಗ್ಲಾಕೋಮ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಇರುವ ಕೆಲವರಿಗೆ ದೃಷ್ಟಿಯ ಕೆಳಭಾಗವೇ ಮೊದಲು ಹೋಗಿರುತ್ತದೆ, ಅಂದರೆ ಕಾಲಿನ ಮುಂದೆ ಇರುವುದೇ ಕಾಣುವುದಿಲ್ಲ, ಅದು ಅವರಿಗೇ ಗೊತ್ತಾಗಿರುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾಡು ಇನ್ನೂ ಕಷ್ಟ. ಒಂದು ಕಡೆ ಅಕ್ಷಿಪಟಲ ಹಾಳಾಗಿ ಕಾಂಟ್ರಾಸ್ಟ್ ಕುಗ್ಗುತ್ತದೆ, ಇನ್ನೊಂದು ಕಡೆ ಪಾದದ ನರ ಮರಗಟ್ಟಿ ನೆಲದ ಏರುತಗ್ಗು ಕಾಲಿಗೂ ತಿಳಿಯುವುದಿಲ್ಲ.

ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಭಯ ಜಾಸ್ತಿ ಅಂತ ಎಲ್ಲ ಹಿರಿಯರೂ ಹೇಳುತ್ತಾರೆ. ಮಂಡಿ ನೋವು ಒಂದು ಕಾರಣ, ಹೌದು. ಆದರೆ ಕಣ್ಣಿನ ಕಾರಣವೂ ಇದೆ. ಹತ್ತುವಾಗ ಪ್ರತಿ ಮೆಟ್ಟಿಲಿನ ಎದುರಿನ ನಿಂತ ಭಾಗ ಕಾಣುತ್ತದೆ, ಅಲ್ಲಿ ಸ್ವಲ್ಪ ನೆರಳಿರುತ್ತದೆ, ಹಾಗಾಗಿ ಎಣಿಸಬಹುದು. ಇಳಿಯುವಾಗ ಕಾಣುವುದು ಬರೀ ಮೇಲ್ಮೈಗಳು, ಒಂದರ ಹಿಂದೊಂದು, ಎಲ್ಲವೂ ಒಂದೇ ಬಣ್ಣ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಮಧ್ಯಾಹ್ನ ಇಳಿದು ನೋಡಿದವರಿಗೆ ಇದು ಗೊತ್ತಾಗುತ್ತದೆ. ಕಲ್ಲು ಸುಡುತ್ತದೆ ಅಂತ ಕಾಲಿಗೆ ಸಾಕ್ಸ್ ಬೇರೆ ಹಾಕಿರುತ್ತೇವೆ, ನೆತ್ತಿಯ ಮೇಲಿನ ಬಿಸಿಲಿಗೆ ಇಡೀ ಬಂಡೆ ಹೊಳೆಯುತ್ತಿರುತ್ತದೆ, ಒಳ್ಳೆಯ ಕಣ್ಣಿದ್ದವರೂ ಕಂಬಿ ಹಿಡಿದೇ ಇಳಿಯುತ್ತಾರೆ. ಕಾಂಟ್ರಾಸ್ಟ್ ಕಾಣದ ಹಿರಿಯರಿಗೆ ತಮ್ಮ ಮನೆಯ ನಾಲ್ಕು ಮೆಟ್ಟಿಲೂ ಹಾಗೇ.

ಈಗ ಮನೆಯ ವಿಷಯಕ್ಕೆ ಬರೋಣ, ಕೆಲಸ ಇರುವುದು ಇಲ್ಲೇ.

ನಮ್ಮ ಹಳೆ ಮನೆಗಳ ಹೊಸ್ತಿಲು ನೋಡಿ. ಕೆಂಪು ಗಾರೆ ನೆಲ, ಅದರ ನಡುವೆ ಅರಿಶಿನ ಅಥವಾ ಹಳದಿ ಪೇಂಟ್ ಬಳಿದ ಹೊಸ್ತಿಲು, ಮೇಲೆ ಬಿಳಿ ರಂಗೋಲಿ ಎಳೆ, ಕುಂಕುಮದ ಬೊಟ್ಟು. ಬಳಿಯುವುದು ಪೂಜೆಗಾಗಿಯೇ. ಆದರೂ ಮಂದ ಕಣ್ಣಿಗೂ ‘ಇಲ್ಲಿ ಕಾಲೆತ್ತು’ ಅಂತ ಅದು ದೂರದಿಂದಲೇ ಹೇಳುತ್ತದೆ. ಈಗಿನ ಫ್ಲ್ಯಾಟ್‌ಗಳಲ್ಲಿ ನೆಲ ಕೆನೆ ಬಣ್ಣದ ವಿಟ್ರಿಫೈಡ್ ಟೈಲ್ಸ್, ಬಚ್ಚಲಿನ ನೆಲವೂ ಅದೇ ಬಣ್ಣದ್ದು, ನಡುವೆ ಒಂದೆರಡು ಇಂಚು ತಗ್ಗು. ಆ ತಗ್ಗು ಯಾವ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ನಾವು ಅಭ್ಯಾಸದ ಬಲದಿಂದ ದಾಟುತ್ತೇವೆ. ಊರಿನಿಂದ ಮಗನ ಮನೆಗೆ ಬಂದ ಅಮ್ಮನಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು, ಸ್ವಿಚ್ ಎಲ್ಲಿದೆ ಅಂತ ತಡಕಾಡಿ, ಯಾಕೆ ಎಲ್ಲರನ್ನೂ ಎಬ್ಬಿಸಲಿ ಅಂತ ಕತ್ತಲಲ್ಲೇ ಹೋಗುತ್ತಾರೆ.

ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸ ಅಲ್ಲ. ಮೆಟ್ಟಿಲಿನ ಅಂಚಿಗೆ, ಬಚ್ಚಲಿನ ತಗ್ಗಿನ ಅಂಚಿಗೆ ಎದ್ದು ಕಾಣುವ ಬಣ್ಣದ, ಜಾರದ ಟೇಪ್ ಅಂಟಿಸಿ ಅಥವಾ ಪೇಂಟ್ ಬಳಿಯಿರಿ. ಕಪ್ಪು ಕಡಪ ಕಲ್ಲಿಗೆ ಹಳದಿ, ತಿಳಿ ಬಣ್ಣದ ಟೈಲ್ಸ್‌ಗೆ ಕಪ್ಪು ಅಥವಾ ಗಾಢ ನೀಲಿ. ಒಂದು ವಿಷಯ ಮರೆಯಬೇಡಿ, ಪಟ್ಟಿ ಸರಿಯಾಗಿ ಅಂಚಿನಲ್ಲೇ ಇರಬೇಕು. ಅಂಟಿಸಲು ಸುಲಭ ಅಂತ ಒಂದೆರಡು ಬೆರಳು ಒಳಗೆ ಅಂಟಿಸಿಬಿಟ್ಟರೆ ಕಣ್ಣು ಅದನ್ನೇ ಅಂಚು ಅಂದುಕೊಳ್ಳುತ್ತದೆ, ಹೆಜ್ಜೆ ತಪ್ಪುತ್ತದೆ. ಪಟ್ಟಿ ಇಲ್ಲದಿದ್ದಕ್ಕಿಂತ ಅದೇ ಅಪಾಯ. ಹಾಗೆಯೇ ಮೆಟ್ಟಿಲಿಲ್ಲದ ಸಮನೆಲದಲ್ಲಿ ಅಡ್ಡಪಟ್ಟೆ ಡಿಸೈನ್ ಇದ್ದರೆ ಅವರು ಅದನ್ನು ಮೆಟ್ಟಿಲು ಅಂದುಕೊಂಡು ಕಾಲೆತ್ತಿ ಮುಗ್ಗರಿಸಬಹುದು, ಕಪ್ಪು ಕಾಲೊರಸು ತಿಳಿ ನೆಲದ ಮೇಲಿದ್ದರೆ ಗುಂಡಿಯಂತೆ ಕಾಣಬಹುದು. ಕಾಲೊರಸು ಸರಿದಾಡುವಂತಿದ್ದರೆ ಮೊದಲು ಅದನ್ನು ತೆಗೆದುಹಾಕಿ.

ಬಚ್ಚಲಿನಲ್ಲಿ ಬಿಳಿ ಗೋಡೆಗೆ ಹೊಳೆಯುವ ಸ್ಟೀಲ್ ಹಿಡಿಕೆ ಹಾಕಿಸುತ್ತಾರೆ, ಬೇಕಾದ ಹೊತ್ತಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ಗಾಢ ಬಣ್ಣದ ಟೇಪ್ ಸುತ್ತಿ. ಬಿಳಿ ನೆಲದ ಮೇಲೆ ಬಿಳಿ ಕಮೋಡ್ ಇದ್ದರೆ ಸೀಟ್ ಬೇರೆ ಬಣ್ಣದ್ದು ಹಾಕಿಸಿ, ಎಲ್ಲಿ ಕೂರಬೇಕು ಅಂತ ಸ್ಪಷ್ಟವಾಗುತ್ತದೆ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಬೆಳಕಿರಲಿ. ಒಂದು ಜೀರೋ ಬಲ್ಬ್ ಮೂಲೆಯಲ್ಲಿದ್ದರೆ ಸಾಲದು, ಬೆಳಕು ನೆಲದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಹೊಳೆಯುವ ಟೈಲ್ಸ್ ಮೇಲೆ ಕಿಟಕಿಯ ಬಿಸಿಲು ಬಿದ್ದು ಪ್ರತಿಫಲಿಸುವ ಜಾಗಕ್ಕೆ ಒಂದು ಪರದೆ ಹಾಕಿ. ಪಾರದರ್ಶಕ ಪ್ಲಾಸ್ಟಿಕ್ ಸ್ಟೂಲ್, ನೆಲದ ಬಣ್ಣದ್ದೇ ಆದ ಬಕೆಟ್, ದಾರಿಗೆ ಅಡ್ಡ ಬಂದಿರುವ ಚಾರ್ಜರ್ ವೈರ್, ಇವನ್ನು ಅವರು ನಡೆಯುವ ದಾರಿಯಿಂದ ತೆಗೆಯಿರಿ.

ಯಾವುದು ಕಾಣುತ್ತದೆ ಯಾವುದು ಕಾಣುವುದಿಲ್ಲ ಅಂತ ನಿಮ್ಮ ಕಣ್ಣಿನಿಂದ ಅಂದಾಜು ಮಾಡುವುದು ಕಷ್ಟ. ಮೊಬೈಲ್‌ನಲ್ಲಿ ಮೆಟ್ಟಿಲಿನ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಕೆಂಪು ನೆಲಕ್ಕೆ ಹಸಿರು ಪಟ್ಟಿ ಬಳಿದರೆ ನಿಮಗೆ ಬಣ್ಣ ಬೇರೆ ಅನ್ನಿಸುತ್ತದೆ, ಫೋಟೋದಲ್ಲಿ ಎರಡೂ ಒಂದೇ ಬೂದು ಆಗಿಬಿಡಬಹುದು. ಹಿರಿಯ ಕಣ್ಣಿಗೆ ಮುಖ್ಯವಾಗಿ ಬೇಕಾದದ್ದು ತಿಳಿ ಮತ್ತು ಗಾಢದ ನಡುವಿನ ಅಂತರ.

ಇಂಥ ಸಣ್ಣ ಬದಲಾವಣೆಗಳಿಂದ ನಿಜಕ್ಕೂ ಉಪಯೋಗ ಇದೆಯಾ? ನ್ಯೂಜಿಲೆಂಡ್‌ನ ಡುನೆಡಿನ್ ಮತ್ತು ಆಕ್ಲೆಂಡ್‌ನಲ್ಲಿ 75 ದಾಟಿದ, 6/24 ಅಥವಾ ಅದಕ್ಕಿಂತ ಕಡಿಮೆ ದೃಷ್ಟಿಯ 391 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೆಲವರ ಮನೆಗೆ ಆಕ್ಯುಪೇಶನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ಸುರಕ್ಷಿತವಾಗಿ ಮಾಡಿಕೊಳ್ಳಲು ನೆರವಾಗುವ ತಜ್ಞರು) ಒಬ್ಬರು ಹೋಗಿ, ಮನೆಯವರ ಜೊತೆಯೇ ಓಡಾಡಿ, ಎಲ್ಲೆಲ್ಲಿ ಅಪಾಯ ಇದೆ ಅಂತ ನೋಡಿ ಸರಿಪಡಿಸಿದರು. ಅಂಥ ಮನೆಗಳಲ್ಲಿ ಬೀಳುವುದು ಶೇ. 41ರಷ್ಟು ಕಡಿಮೆಯಾಯಿತು. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಇನ್ನೊಂದು. ಮನೆಯ ಅಡೆತಡೆಗೆ ಸಂಬಂಧವೇ ಇಲ್ಲದ ಬೀಳುವಿಕೆಗಳೂ ಕಡಿಮೆಯಾದವು. ಯಾರೋ ಬಂದು ಜೊತೆಯಲ್ಲಿ ನಡೆದು, ಇಲ್ಲಿ ಹೀಗೆ, ಅಲ್ಲಿ ಹಾಗೆ ಅಂತ ಮಾತಾಡಿದಾಗ ಅವರು ನಡೆಯುವ ರೀತಿಯೇ ಬದಲಾಗಿರಬೇಕು. ಹಾಗಾಗಿ ಅವರು ಮಲಗಿದ್ದಾಗ ಸುಮ್ನೆ ಟೇಪ್ ಅಂಟಿಸಿ ಬರಬೇಡಿ. ಅಜ್ಜಿಯನ್ನೋ ಅಪ್ಪನನ್ನೋ ಜೊತೆಗೆ ಕರೆದುಕೊಂಡು ಹೋಗಿ, ‘ಇದು ಕಾಣುತ್ತಾ? ಯಾವ ಬಣ್ಣ ಚೆನ್ನಾಗಿ ಕಾಣುತ್ತೆ?’ ಅಂತ ಕೇಳಿ ಮಾಡಿ. ಬೀಳುತ್ತಾರೆ ಅಂತ ಹೆದರಿ ಕುರ್ಚಿಯಲ್ಲೇ ಕೂರಿಸಿಬಿಡುವುದಂತೂ ಬೇಡವೇ ಬೇಡ. ಕೂತಷ್ಟೂ ಕಾಲಿನ ಶಕ್ತಿ ಇಳಿಯುತ್ತದೆ, ಆಮೇಲೆ ಎದ್ದ ದಿನವೇ ಬೀಳುತ್ತಾರೆ.

ಕನ್ನಡಕದ ಬಗ್ಗೆಯೂ ಹೇಳಲೇಬೇಕು. ದೂರಕ್ಕೂ ಓದುವುದಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಬೈಫೋಕಲ್ ಮತ್ತು ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗ ಓದುವುದಕ್ಕೆ, ಅಂದರೆ ಕೈಯಳತೆಯಷ್ಟು ದೂರಕ್ಕೆ ಹೊಂದಿಸಿರುತ್ತದೆ. ಮೆಟ್ಟಿಲು ಇಳಿಯುವಾಗ ಕೆಳಗೆ ನೋಡಿದರೆ ಪಾದದ ಸುತ್ತಲಿನದೆಲ್ಲ ಆ ಭಾಗದಿಂದಲೇ ಕಾಣುತ್ತದೆ, ಮಸುಕಾಗಿ. ಇರುವ ಅಲ್ಪಸ್ವಲ್ಪ ಕಾಂಟ್ರಾಸ್ಟೂ ಹೋಯಿತು. 2010ರಲ್ಲಿ ಪ್ರಕಟವಾದ ಸಿಡ್ನಿಯ ಒಂದು ಪ್ರಯೋಗದಲ್ಲಿ ಇಂಥ ಕನ್ನಡಕದವರಿಗೆ ಹೊರಗೆ ಓಡಾಡಲು ದೂರದೃಷ್ಟಿಯದೇ ಇನ್ನೊಂದು ಕನ್ನಡಕ ಕೊಟ್ಟರು. ಆಗಾಗ ಹೊರಗೆ ಹೋಗುವವರಲ್ಲಿ ಬೀಳುವುದು ಶೇ. 40ರಷ್ಟು ಇಳಿಯಿತು. ಆದರೆ ಹೆಚ್ಚು ಹೊರಗೆ ಹೋಗದವರಲ್ಲಿ ಹೊರಗಿನ ಬೀಳುವಿಕೆ ಏರಿತು, ಅವರಿಗೆ ಕನ್ನಡಕ ಬದಲಿಸುವುದೇ ಗೊಂದಲವಾಗಿರಬಹುದು. ಅದಕ್ಕೂ ಮೊದಲು, 2007ರಲ್ಲಿ ಬಂದ ಸಿಡ್ನಿಯದೇ ಇನ್ನೊಂದು ಅಧ್ಯಯನದಲ್ಲಿ 70 ದಾಟಿದವರ ಕಣ್ಣು ಪರೀಕ್ಷಿಸಿ, ಬೇಕಾದವರಿಗೆ ಹೊಸ ಕನ್ನಡಕ ಕೊಟ್ಟಾಗ ಬೀಳುವುದು ಕಡಿಮೆಯಾಗುವ ಬದಲು ಜಾಸ್ತಿಯೇ ಆಯಿತು. ಪವರ್ ಒಮ್ಮೆಲೇ ತುಂಬಾ ಬದಲಾದರೆ ನೆಲ ಹತ್ತಿರವೋ ದೂರವೋ ಅನ್ನಿಸಲು ಶುರುವಾಗುತ್ತದೆ. ಆದ್ದರಿಂದ ಪವರ್ ಅನ್ನು ಸ್ವಲ್ಪ ಸ್ವಲ್ಪವೇ ಬದಲಿಸಬಹುದಾ ಅಂತ ಕೇಳಿ, ಹೊಸ ಕನ್ನಡಕ ಬಂದ ಮೊದಲ ದಿನಗಳಲ್ಲಿ ಮೆಟ್ಟಿಲ ಹತ್ತಿರ ಜೊತೆಗಿರಿ.

ಪೊರೆ ಮಾತ್ರ ತೆಗೆಸುವುದನ್ನು ತಡಮಾಡಬೇಡಿ. ಡಾ. ಎಂ. ಸಿ. ಮೋದಿ ಅವರು ಊರೂರಿಗೆ ಹೋಗಿ ಉಚಿತ ಶಿಬಿರ ಮಾಡಿ ಪೊರೆ ತೆಗೆದ ನಾಡು ನಮ್ಮದು, ಆದರೂ ‘ಇನ್ನೂ ಬಲಿತಿಲ್ಲ, ಆಮೇಲೆ ನೋಡೋಣ’ ಅನ್ನುವ ಹಳೆ ಮಾತು ಇನ್ನೂ ಹೋಗಿಲ್ಲ. ಈಗಿನ ಶಸ್ತ್ರಚಿಕಿತ್ಸೆಗೆ ಪೊರೆ ಬಲಿಯುವ ತನಕ ಕಾಯಬೇಕಾಗಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ ಮಹಿಳೆಯರಲ್ಲಿ ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆದಾಗ, ಕಾಯುತ್ತಿದ್ದವರಿಗೆ ಹೋಲಿಸಿದರೆ ಬೀಳುವ ಪ್ರಮಾಣ ಶೇ. 34ರಷ್ಟು ಕಡಿಮೆ ಇತ್ತು. ಒಂದು ಕಣ್ಣಿಗೆ ಆಗಿ ಇನ್ನೊಂದಕ್ಕೆ ಆಗದ ನಡುವಿನ ದಿನಗಳಲ್ಲಿ ಮಾತ್ರ ಎಚ್ಚರ ಬೇಕು, ಎರಡು ಕಣ್ಣಿನ ನೋಟ ಹೊಂದದೆ ಆಳದ ಅಂದಾಜು ತಪ್ಪುತ್ತದೆ.

ಮುಂದಿನ ಸಲ ಕಣ್ಣಿನ ಆಸ್ಪತ್ರೆಗೆ ಹೋದಾಗ ಅವರು ಯಾವಾಗ, ಎಲ್ಲಿ, ಯಾವ ಬೆಳಕಿನಲ್ಲಿ ಎಡವಿದರು, ಕನ್ನಡಕ ಹಾಕಿದ್ದರಾ ಅನ್ನುವುದನ್ನು ಡಾಕ್ಟರಿಗೆ ಹೇಳಿ. ಬೀಳದಿದ್ದರೂ ಗೋಡೆ ಹಿಡಿದು ನಡೆಯಲು ಶುರು ಮಾಡಿದ್ದರೆ ಅದನ್ನೂ ಹೇಳಿ. ಕಾಂಟ್ರಾಸ್ಟ್ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ, ದೃಷ್ಟಿಯ ಕೆಳಭಾಗ ಸರಿಯಿದೆಯಾ ಅಂತಲೂ ಕೇಳಿ. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ದೊಡ್ಡ ಕಣ್ಣಿನ ಆಸ್ಪತ್ರೆಯ ಲೋ ವಿಷನ್ (ಕನ್ನಡಕದಿಂದಲೂ ಸರಿಹೋಗದ ಮಂದದೃಷ್ಟಿಯವರಿಗೆ ನೆರವಾಗುವ) ವಿಭಾಗಕ್ಕೆ ಬರೆದುಕೊಡಲು ಹೇಳಿ.