ಇಷ್ಟು ಫಿಟ್ ಆಗಿರುವ ಆಟಗಾರರೇ ಮೈದಾನದಲ್ಲಿ ಕುಸಿದು ಬೀಳುವುದು ಯಾಕೆ?

ಪ್ರಶ್ನೆ: ದಿನಾ ಗಂಟೆಗಟ್ಟಲೆ ಪ್ರಾಕ್ಟೀಸ್ ಮಾಡುವವರಿಗೇ ಹೃದಯ ಕೈಕೊಡುತ್ತದೆ ಅಂದರೆ ವ್ಯಾಯಾಮದಿಂದ ಏನು ಪ್ರಯೋಜನ? ಡಾಕ್ಟರಿಗೆ ಇದು ಮೊದಲೇ ಗೊತ್ತಾಗುವುದಿಲ್ಲವೇ?

ವ್ಯಾಯಾಮ ಬಿಡಬೇಡಿ, ಅದು ಮೊದಲ ಮಾತು. ಫಿಟ್ ಆಗಿರುವುದು ಬೇರೆ, ಹೃದಯದಲ್ಲಿ ತೊಂದರೆ ಇಲ್ಲದಿರುವುದು ಬೇರೆ. 35 ವರ್ಷ ದಾಟಿದವರಲ್ಲಿ ಹೆಚ್ಚಾಗಿ ಕಾರಣ ರಕ್ತನಾಳದ ಬ್ಲಾಕ್. ಚಿಕ್ಕವರಲ್ಲಿ ಹಾಗಲ್ಲ. ಹೃದಯದ ಸ್ನಾಯು ವಿಪರೀತ ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಹೃದಯದ ವಿದ್ಯುತ್ ವ್ಯವಸ್ಥೆಯ ದೋಷ, ಹೀಗೆ ಹುಟ್ಟಿನಿಂದಲೋ ಮನೆತನದಿಂದಲೋ ಬಂದದ್ದೇ ಜಾಸ್ತಿ. ಅದು ಎಷ್ಟೋ ವರ್ಷ ಸದ್ದಿಲ್ಲದೆ ಇದ್ದು, ಜೋರಾಗಿ ಓಡುವಾಗ ಲಯ ತಪ್ಪಿಸುತ್ತದೆ. 2003ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪಂದ್ಯದ ಮಧ್ಯೆ ಬಿದ್ದು ತೀರಿಕೊಂಡ ಕ್ಯಾಮರೂನ್ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ ಅವರಿಗೆ ಇದ್ದದ್ದು ಈ ಸ್ನಾಯು ದಪ್ಪವಾಗುವ ಕಾಯಿಲೆಯೇ.

ಇನ್ನು ಡಾಕ್ಟರಿಗೆ ಯಾಕೆ ಗೊತ್ತಾಗುವುದಿಲ್ಲ? ಕಷ್ಟ ಇರುವುದು ಇಲ್ಲೇ. ವರ್ಷಗಟ್ಟಲೆ ತರಬೇತಿ ಮಾಡಿದವರ ಹೃದಯವೂ ದೊಡ್ಡದಾಗುತ್ತದೆ, ಗೋಡೆ ಸ್ವಲ್ಪ ದಪ್ಪವಾಗುತ್ತದೆ, ಸುಮ್ನೆ ಕೂತಾಗ ನಾಡಿ ನಿಮಿಷಕ್ಕೆ 40ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಬೇರೆ ಯಾರಲ್ಲಾದರೂ ಇದನ್ನು ನೋಡಿದರೆ ಡಾಕ್ಟರ್ ಗಾಬರಿಯಾಗಬೇಕು. ಎಡ ಕೋಣೆಯ ಗೋಡೆ 13ರಿಂದ 15 ಮಿಲಿಮೀಟರ್ ಇದ್ದರೆ ಅದು ತರಬೇತಿಯ ಫಲವೋ ಕಾಯಿಲೆಯೋ ಅಂತ ತಕ್ಷಣ ಹೇಳಲಾಗದು. ಆಗ ಎಕೋದಲ್ಲಿ (ಹೃದಯದ ಸ್ಕ್ಯಾನ್) ಕೋಣೆಯ ಒಳಜಾಗ ನೋಡುತ್ತಾರೆ: ಆಟಗಾರರಲ್ಲಿ ಅದು ಸಾಮಾನ್ಯವಾಗಿ ಹಿಗ್ಗಿರುತ್ತದೆ, ಕಾಯಿಲೆಯಲ್ಲಿ ಹೆಚ್ಚಾಗಿ ಕಿರಿದಾಗಿರುತ್ತದೆ. ಇಸಿಜಿ, ಎಂಆರ್‌ಐ, ಮನೆಯವರ ಇತಿಹಾಸ ಎಲ್ಲ ಸೇರಿಸಿದರೂ ಅನುಮಾನ ಉಳಿದರೆ ಕೆಲವು ತಿಂಗಳು ತರಬೇತಿ ನಿಲ್ಲಿಸಿ ಮತ್ತೆ ಅಳೆಯುತ್ತಾರೆ. ತರಬೇತಿಯಿಂದ ಬಂದ ದಪ್ಪ ಇಳಿಯುತ್ತದೆ, ಕಾಯಿಲೆಯದ್ದು ಇಳಿಯುವುದಿಲ್ಲ. ಸೀಸನ್ ಮಧ್ಯೆ ಇದನ್ನು ಯಾವ ಆಟಗಾರ ಖುಷಿಯಿಂದ ಒಪ್ಪುತ್ತಾನೆ ಹೇಳಿ! ಲಕ್ಷಣ ಮುಚ್ಚಿಡುವವರೂ ಇದ್ದಾರೆ.

ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವವರಿಗೆ ಇಸಿಜಿ ಕಡ್ಡಾಯ. ಒಳ್ಳೆಯದೇ, ಆದರೆ ಅದೂ ಎಲ್ಲವನ್ನೂ ಹಿಡಿಯುವುದಿಲ್ಲ. ವೈರಲ್ ಜ್ವರದ ನಂತರ ಹೃದಯದ ಸ್ನಾಯುವಿಗೆ ಉರಿಯೂತ ಬಂದರೆ ಕಳೆದ ವರ್ಷದ ಇಸಿಜಿ ಏನು ಹೇಳೀತು? ಅದಕ್ಕೇ ಮೈದಾನದಲ್ಲಿ ಡಿಫಿಬ್ರಿಲೇಟರ್ (ಶಾಕ್ ಕೊಟ್ಟು ಹೃದಯದ ಲಯ ಸರಿಪಡಿಸುವ ಯಂತ್ರ) ಮತ್ತು ಅದನ್ನು ಬಳಸಲು ಗೊತ್ತಿರುವವರು ಇರಲೇಬೇಕು ಎನ್ನುವುದು ನನ್ನ ಹಟ. ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. 2021ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಕುಸಿದ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬದುಕಿದ್ದು ಅಲ್ಲೇ ಎದೆ ಒತ್ತಿ ಶಾಕ್ ಕೊಟ್ಟಿದ್ದರಿಂದ. ಲಯ ತಪ್ಪಿದರೆ ತಾನೇ ಶಾಕ್ ಕೊಡುವ ಐಸಿಡಿ ಸಾಧನವನ್ನು ಎದೆಯಲ್ಲಿ ಹಾಕಿಸಿಕೊಂಡು 2022ರಲ್ಲಿ ಇಂಗ್ಲೆಂಡ್‌ನಲ್ಲಿ ಮತ್ತೆ ಆಡಿದರು, ಯಾಕೆಂದರೆ ಕುಸಿದಾಗ ಅವರಿದ್ದ ಕ್ಲಬ್ ಇಟಲಿಯದು, ಆ ಸಾಧನ ಇಟ್ಟುಕೊಂಡು ಆಡಲು ಅಲ್ಲಿನ ನಿಯಮ ಬಿಡಲಿಲ್ಲ.

ನೀವು ಗಮನಿಸಬೇಕಾದದ್ದು: ಓಡುವಾಗಲೇ ಎಚ್ಚರ ತಪ್ಪುವುದು, ಎದೆನೋವು, ಕಾರಣವಿಲ್ಲದೆ ಎದೆ ಡವಗುಟ್ಟುವುದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡಿರುವುದು. ಇದರಲ್ಲಿ ಒಂದಿದ್ದರೂ ಆಟ ನಿಲ್ಲಿಸಿ ಹೃದಯ ತಜ್ಞರನ್ನು ನೋಡಿ. ಜ್ವರ ಇದ್ದಾಗ ಬೆವರು ಹರಿಸಲು ಹೋಗಬೇಡಿ. ಇನ್ನೊಂದು, ಒಬ್ಬರಲ್ಲಿ ಇಂಥ ಮನೆತನದ ಕಾಯಿಲೆ ಸಿಕ್ಕರೆ ಅಣ್ಣತಮ್ಮ, ಅಕ್ಕತಂಗಿಯರಿಗೂ ಪರೀಕ್ಷೆ ಮಾಡಿಸಿ, ಅವರು ಆಟ ಆಡದಿದ್ದರೂ ಸರಿ.