ಮುಚ್ಚಿದ ಮಿಲ್ಲಿಗೆ ಮೊದಲು ಒಂದು ಮಳೆಗಾಲ

ಹಳೇ ರೈಸ್ ಮಿಲ್ಲನ್ನು ಕಲೆ, ಕರಕುಶಲದ ಕೇಂದ್ರ ಮಾಡಬೇಕು, ನಕ್ಷೆ ಹಾಕಿಕೊಡಿ ಅಂತ ನನ್ನ ಹತ್ತಿರ ಬರುವವರು ಹೆಚ್ಚಾಗಿ ಬೇಸಿಗೆಯಲ್ಲೇ ಬರುತ್ತಾರೆ. ಒಣಗಿದ ಗೋಡೆ, ಎತ್ತರದ ಮಾಡು, ಮುಂದೆ ಭತ್ತ ಒಣಗಿಸುತ್ತಿದ್ದ ಅಂಗಳ. ಯಾರಿಗಾದರೂ ಆಸೆಯಾಗುತ್ತದೆ, ಅಲ್ವಾ? ಮಳೆ ಹಿಡಿದ ಮೇಲೆ ಕರೆಯಿರಿ ಅಂತ ಹೇಳಿ ಕಳಿಸುತ್ತೇನೆ. ಶಿವಮೊಗ್ಗ ಪೇಟೆಯ ಮಳೆಯ ಲೆಕ್ಕದಲ್ಲಿ ತೀರ್ಥಹಳ್ಳಿ ಕಡೆಯ ಕಟ್ಟಡ ಮುಟ್ಟಬಾರದು. ಅದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ.

ಜುಲೈನಲ್ಲಿ ಒಳಗೆ ಅರ್ಧ ಗಂಟೆ ಸುಮ್ನೆ ನಿಂತರೆ ಸಾಕು. ಎಲ್ಲಿ ಸೋರುತ್ತದೆ, ಇರಚಲು ಎಲ್ಲಿವರೆಗೆ ಬರುತ್ತದೆ, ನೆಲ ಎಲ್ಲಿ ಒಸರುತ್ತದೆ, ಎಲ್ಲ ಕಾಣುತ್ತದೆ. ಆಮೇಲೆ ಏಣಿ ಹಾಕಿ, ತೊಲೆಯ ತುದಿ ಗೋಡೆಯೊಳಗೆ ಕೂತಿರುವ ಜಾಗ ನೋಡಬೇಕು. ನಡುವೆ ಎಷ್ಟೇ ಗಟ್ಟಿಯಿರಲಿ, ಮರ ಕೆಡಲು ಶುರುವಾಗುವುದು ಅಲ್ಲೇ. ಗೋಡೆ ಕುಡಿದ ನೀರು ಅಲ್ಲಿ ಆರುವುದಿಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಒಳ್ಳೇ ಮರ ಟಣ್ ಅನ್ನುತ್ತದೆ, ವರಲೆ ತಿಂದದ್ದು ದಬ್ ಅನ್ನುತ್ತದೆ. ಅನುಮಾನ ಬಂದರೆ ಸ್ಕ್ರೂಡ್ರೈವರ್ ಚುಚ್ಚುತ್ತೇನೆ. ಒಂದು ಕಡೆ ಹಿಡಿಯವರೆಗೂ ಹೋಯಿತು. ತುದಿ ಮಾತ್ರ ಕೆಟ್ಟಿದ್ದರೆ ಇಡೀ ತೊಲೆ ತೆಗೆಯಬೇಕಿಲ್ಲ. ಅಷ್ಟು ಕತ್ತರಿಸಿ, ಹೊಸ ಮರ ಕೂಡಿಸಿ, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಬಿಗಿದರೆ ಆಗುತ್ತದೆ. ಒಡೆಯದ ಮಂಗಳೂರು ಹಂಚನ್ನು ಎಸೆಯಬೇಡಿ, ತೊಳೆದು ಮತ್ತೆ ಹೊದೆಸಬಹುದು. ಆಮೇಲೆ ಸೇರಿಸಿದ ಶೆಡ್ಡಿಗೆ ಕಲ್ನಾರು (ಆಸ್ಬೆಸ್ಟಾಸ್) ಶೀಟಿದ್ದರೆ ಅದನ್ನು ಒಡೆಯುವುದು, ಡ್ರಿಲ್ ಹಾಕುವುದು ಬೇಡ. ಆ ಧೂಳು ಕ್ಯಾನ್ಸರ್ ತರುತ್ತದೆ. ತಿಳಿದವರು ಒದ್ದೆ ಮಾಡಿ ಇಡಿಯಾಗಿ ಇಳಿಸಲಿ.

ನಾನೂ ಎಡವಿದವನೇ. ಮೊದಲ ಕೆಲಸದಲ್ಲಿ ಜಂಬಿಟ್ಟಿಗೆ ಗೋಡೆಯ ಹಳೇ ಸುಣ್ಣದ ಗಾರೆ ಕೆರೆಸಿ ಸಿಮೆಂಟ್ ಮೆತ್ತಿಸಿದೆ. ಉದ್ಘಾಟನೆಗೆ ಚೆಂದ ಕಂಡಿತು. ಆಷಾಢಕ್ಕೆ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದು ಉದುರಿತು. ನೆಲದಿಂದ ಏರುವ ತೇವ ಸುಣ್ಣದ ಗಾರೆಯಲ್ಲಾದರೆ ಹೊರಗೆ ಆರಿಹೋಗುತ್ತದೆ. ಸಿಮೆಂಟು ಅದನ್ನು ಗೋಡೆಯೊಳಗೇ ಕೂಡಿಹಾಕುತ್ತದೆ. ಮಲೆನಾಡಿನ ಗೋಡೆ ಚಿತ್ರ, ಹಸೆ ಚಿತ್ತಾರದ ಕೋಣೆಗಂತೂ ಈಗ ನಾನು ಪೇಂಟ್ ಡಬ್ಬಿ ತರಿಸುವುದೇ ಇಲ್ಲ. ಬರೆಯುವವರೇ ಕೆಮ್ಮಣ್ಣು ಬಳಿದು, ಅಕ್ಕಿ ಅರೆದು ಬಿಳಿ ಮಾಡಿಕೊಳ್ಳುತ್ತಾರೆ.

ಇನ್ನು ಯಾರು ಎಲ್ಲಿ ಕೂರುವುದು. ಮರ ಕೆತ್ತುವವರ ಸದ್ದು, ಧೂಳು ಬೇರೆ ಶೆಡ್ಡಿಗೆ. ಮಗ್ಗ ಒಣ ಜಾಗಕ್ಕೆ. ಇದು ನನಗೆ ಗೊತ್ತಿತ್ತು. ಒಂದು ಸಲ ನಕ್ಷೆ ಹರಡಿ ವಿವರಿಸುತ್ತಿದ್ದಾಗ ಬುಟ್ಟಿ ಹೆಣೆಯುವ ಅಜ್ಜಿಯೊಬ್ಬರು ಕೇಳಿದರು: "ಬುಟ್ಟಿಗೆ ಹೊಗೆ ಎಲ್ಲಿ ಕೊಡೋದು ಸಾರ್? ಮಳೇಲಿ ಬೂಷ್ಟು ಹಿಡೀತದೆ." ನಕ್ಷೆಯಲ್ಲಿ ಕಾಫಿ ಅಂಗಡಿಯಿತ್ತು, ಫೋಟೋ ತೆಗೆಸಿಕೊಳ್ಳಲು ಮೂಲೆಯೂ ಇತ್ತು. ಒಲೆಯಾಗಲಿ, ಅದರ ಮೇಲೊಂದು ಅಟ್ಟವಾಗಲಿ ಇರಲಿಲ್ಲ. ಕಾಫಿ ಅಂಗಡಿ ಅಳಿಸಿ ಅಲ್ಲಿ ಅಟ್ಟ ಬರೆದೆ.